ಆರು ಸಾಲಿನ ಪ್ರಶ್ನೆ

ನನಗೆ ಮೂಗಿನ ತುದಿಯಲ್ಲೇ ಕೋಪ. ಗುತ್ತಲಿನ ನಮ್ಮ ಮನೆಯಲ್ಲಿ ಇದು ಎಲ್ಲರಿಗೂ ಗೊತ್ತು, ಮಂಡ್ಯದ ಆಫೀಸಿನಲ್ಲೂ ಗೊತ್ತು. ಹಾಗಾಗಿ ಆ ಬುಧವಾರ ಲ್ಯಾಪ್‌ಟಾಪ್ ನೋಡುತ್ತಾ ನಾನು "ಥೂ" ಅಂದಾಗ ಯಾರೂ ತಲೆ ಎತ್ತಲಿಲ್ಲ.

ನಮ್ಮದು ಒಂದು ಸಣ್ಣ ಟ್ರಸ್ಟು. ಮಳವಳ್ಳಿ ಕಡೆಯ ಕಲ್ಲುಕೊಪ್ಪಲಿನಲ್ಲಿ ಎರಡು ವರ್ಷದಿಂದ 'ಮಕ್ಕಳ ಮನೆ' ನಡೆಸುತ್ತಿದ್ದೇವೆ. ಬೆಳಿಗ್ಗೆ ಮದ್ದೂರಿನ ಗಾರ್ಮೆಂಟ್ಸ್ ಬಸ್ಸು ಬರುವ ಹೊತ್ತಿಗೆ ಊರಿನ ತಾಯಂದಿರು ಮಕ್ಕಳನ್ನು ಅಲ್ಲಿ ಬಿಟ್ಟು ಕೆಲಸಕ್ಕೆ ಹೋಗುತ್ತಾರೆ. ಅವರು ಸಂಜೆ ಬರುವ ತನಕ ಶಿವನಂಜಮ್ಮ ಮಕ್ಕಳಿಗೆ ಉಣಿಸಿ, ಮಲಗಿಸಿ, ಮೂಗು ಒರೆಸಿ ಕಾಯುತ್ತಾರೆ. ಈ ವರ್ಷ ಅದನ್ನು ಮುಂದುವರಿಸಬೇಕೋ ಮುಚ್ಚಬೇಕೋ ಎಂಬುದು ನಾನು ಮಾಡಿದ ಆನ್‌ಲೈನ್ ಸರ್ವೆಯ ಮೇಲೆ ನಿಂತಿತ್ತು.

ಸರ್ವೆಯಲ್ಲಿದ್ದದ್ದು ಒಂದೇ ಮುಖ್ಯ ಪ್ರಶ್ನೆ: 'ಮಕ್ಕಳ ಮನೆಗೆ ಸೇರಿದ ಮೇಲೆ ನಿಮ್ಮ ಮಗು ಹೇಗಿದೆ?' ಎಡಗಡೆ ಆರು ಸಾಲು: ಊಟ, ನಿದ್ದೆ, ಆಟ, ಮಾತು, ಆರೋಗ್ಯ, ಶುಚಿ. ಮೇಲೆ 'ತುಂಬಾ ಚೆನ್ನಾಗಿದೆ'ಯಿಂದ 'ತುಂಬಾ ಕೆಟ್ಟದಾಗಿದೆ' ತನಕ ಐದು ಕಾಲಂ. ಒಂದೊಂದು ಸಾಲಿಗೆ ಒಂದೊಂದು ಗುರುತು ಒತ್ತಬೇಕು. ಇಂಥದ್ದಕ್ಕೆ ನಾವು ಮ್ಯಾಟ್ರಿಕ್ಸ್ ಪ್ರಶ್ನೆ ಅನ್ನುತ್ತೇವೆ. ವಾಟ್ಸಾಪಿನಲ್ಲಿ ಲಿಂಕ್ ಕಳಿಸಿದ್ದೆ, ತಾಯಂದಿರು ಫೋನಿನಲ್ಲೇ ತುಂಬಿದ್ದರು. ಮಕ್ಕಳ ವಿಷಯದಲ್ಲಿ ಸರಾಸರಿ ನೋಡಬಾರದು, ಒಂದೊಂದು ದೂರೂ ದೊಡ್ಡದು, ಐದಕ್ಕಿಂತ ಹೆಚ್ಚು 'ತುಂಬಾ ಕೆಟ್ಟದಾಗಿದೆ' ಬಂದರೆ ಮುಚ್ಚಬೇಕು ಎಂದು ಮೀಟಿಂಗಿನಲ್ಲಿ ಮೇಜು ಕುಟ್ಟಿ ನಿಯಮ ಬರೆಸಿದವಳೂ ನಾನೇ.

ಬಂದದ್ದು ಇಪ್ಪತ್ತಮೂರು.

"ನಿಯಮ ನಿಮ್ಮದೇ ವೀಣ," ಎಂದರು ಟ್ರಸ್ಟಿನ ಮುಖ್ಯಸ್ಥ ಸ್ವರೂಪ್. "ಶುಕ್ರವಾರ ಕಮಿಟಿ ಇದೆ. ಮುಚ್ಚದೆ ಬೇರೆ ದಾರಿ ಇಲ್ಲ."

ಆದರೆ ಆ ಉತ್ತರಗಳು ವಿಚಿತ್ರವಾಗಿದ್ದವು. ಇಪ್ಪತ್ತಮೂರು ಫಾರಂ, ಫಾರಂಗೆ ಸರಿಯಾಗಿ ಒಂದೇ ದೂರು. ಉಳಿದ ಐದು ಸಾಲೂ 'ತುಂಬಾ ಚೆನ್ನಾಗಿದೆ'. ಒಬ್ಬಳಿಗೆ ಊಟ ಕೆಟ್ಟದ್ದು, ಇನ್ನೊಬ್ಬಳಿಗೆ ನಿದ್ದೆ. ಹೊಟ್ಟೆ ತುಂಬ ಉಂಡು, ಆಡಿ, ಮಲಗೆದ್ದು, ಗಟ್ಟಿಮುಟ್ಟಾಗಿರುವ ಮಗುವಿನ ಮಾತು ಮಾತ್ರ ತುಂಬಾ ಕೆಟ್ಟದಾಗಿರುತ್ತದೆಯೇ? ಮಂಡ್ಯ ಜಿಲ್ಲೆಯ ಮಗುವಾದರೆ ಇದ್ದರೂ ಇರಬಹುದು. ಆದರೂ ನನಗೆ ಸಮಾಧಾನವಾಗಲಿಲ್ಲ. ಮಾರನೇ ದಿನ ಮಳವಳ್ಳಿ ಬಸ್ಸು ಹತ್ತಿದೆ.

ನಾನು ಹೋದಾಗ ಸಂಜೆ ಐದೂವರೆ. ಶಿವನಂಜಮ್ಮ ಬುದ್ಧನ ಪಟದ ಕೆಳಗೆ ಕೂತು ಒಂದು ಮಗುವಿಗೆ ತಲೆ ಬಾಚುತ್ತಿದ್ದರು. ಸ್ವಲ್ಪ ಹೊತ್ತಿಗೆ ಗಾರ್ಮೆಂಟ್ಸ್ ಬಸ್ಸು ಬಂತು, ತಾಯಂದಿರು ಇಳಿದು ಬಂದರು. ಮೊದಲು ಸಿಕ್ಕಿದವಳು ಕವಿತ. ಊಟದ ಸಾಲಿನಲ್ಲಿ ಕೆಟ್ಟದ್ದು ಒತ್ತಿದ್ದವಳು ಅವಳೇ.

"ನಿನ್ನ ಮಗ ಇಲ್ಲಿ ಊಟ ಮಾಡಲ್ವಾ?" ಎಂದು ನೇರವಾಗಿ ಕೇಳಿದೆ.

ಅವಳು ಆ ಕಡೆ ಈ ಕಡೆ ನೋಡಿ ದನಿ ತಗ್ಗಿಸಿದಳು. "ಉಣ್ದೆ ಏನಕ್ಕ! ತಟ್ಟೆನೂ ನೆಕ್ಬುಡ್ತಾನೆ."

"ಮತ್ಯಾಕೆ ಕೆಟ್ಟದ್ದು ಅಂತ ಒತ್ತಿದೆ?"

"ಎಲ್ಲಾನೂ ಚೆಂದಾಗದೆ ಅಂತ ಒತ್ಬುಟ್ರೆ ದಿಷ್ಟಿ ಆಗಾಕಿಲ್ವಾ? ಅದು ಯಾರ್ ಕೈಗೆ ಓಯ್ತದೋ, ಯಾರ್ ಕಣ್ಣಿಗೆ ಬೀಳ್ತದೋ. ಅದ್ಕೇ ಬಸ್ಸಲ್ಲೇ ಎಲ್ರೂ ಮಾತಾಡ್ಕಂಡು ಒಂದೊಂದು ಕಪ್ಪು ಮಡಗುದ್ವಿ."

ಕೆನ್ನೆಗೆ ಇಡುವ ದೃಷ್ಟಿಬೊಟ್ಟನ್ನು ಇವರು ನನ್ನ ಫಾರಂಗೆ ಇಟ್ಟಿದ್ದರು! ನಾನು ಸಂಖ್ಯಾಶಾಸ್ತ್ರ ಓದಿದವಳು. ಯಾವ ಮೇಷ್ಟ್ರೂ ಇದನ್ನು ಹೇಳಿಕೊಟ್ಟಿರಲಿಲ್ಲ. ನಗಬೇಕೋ ಹಣೆ ಚಚ್ಚಿಕೊಳ್ಳಬೇಕೋ ತಿಳಿಯದೆ, "ನಿಮ್ಮ ಕಪ್ಪಿಂದ ನಾಳೆ ಈ ಮನೆ ಮುಚ್ಚೋಗುತ್ತೆ ಕಣ್ರಮ್ಮಾ" ಎಂದು ರೇಗಿಬಿಟ್ಟೆ. ಕವಿತ ಮಗನನ್ನು ಎತ್ತಿಕೊಂಡು ನನ್ನ ಮುಖವನ್ನೇ ನೋಡುತ್ತಾ ನಿಂತಳು.

ಅಲ್ಲಿಂದಲೇ ಸ್ವರೂಪ್‌ಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ. ಅವರು ಪೂರ್ತಿ ಕೇಳಿಸಿಕೊಂಡರು. "ನಾನು ನಂಬ್ತೀನಿ. ನಮ್ಮಜ್ಜಿನೂ ಹಂಗೇ ಮಾಡೋರು. ಆದ್ರೆ ಮುಚ್ತಾರೆ ಅಂತ ಗೊತ್ತಾದ್ಮೇಲೆ ಇವರು ಮಾತು ಬದಲಾಯಿಸಿದ್ರು ಅಂತ ಕಮಿಟಿಯವರು ಅಂತಾರೆ. ಮುಚ್ಚೋ ವಿಷಯ ಗೊತ್ತಾಗೋಕೆ ಮುಂಚೆ ಒಬ್ಬರಾದ್ರೂ ಪೂರ್ತಿ ಚೆನ್ನಾಗಿದೆ ಅಂತ ಒತ್ತಿದಾರಾ?"

"ಇಲ್ಲ ಸರ್. ಇಪ್ಪತ್ತಮೂರಕ್ಕೆ ಇಪ್ಪತ್ತಮೂರೂ ಒಂದೇ ಥರ."

ಶಿವನಂಜಮ್ಮ ಬಾಚಣಿಗೆ ಕೆಳಗಿಟ್ಟರು. "ಇಪ್ಪತ್ಮೂರಲ್ಲ ಕಣಮ್ಮ, ನಮ್ತಾವ ಇಪ್ಪತ್ನಾಕು ಮಕ್ಳವೆ."

ಬಂದಿದ್ದ ಫಾರಂ ಇಪ್ಪತ್ತನಾಲ್ಕೇ. ಒಂದನ್ನು ಕಿತ್ತುಹಾಕಿದ್ದವಳು ನಾನು. ಮ್ಯಾಟ್ರಿಕ್ಸ್ ಪ್ರಶ್ನೆಗೆ ಯಾರಾದರೂ ಎಲ್ಲಾ ಸಾಲಿಗೂ ಒಂದೇ ಕಾಲಂನಲ್ಲಿ ಸರಸರನೆ ಒತ್ತಿಕೊಂಡು ಹೋದರೆ, ಅವರು ಪ್ರಶ್ನೆಯನ್ನೇ ಓದಿಲ್ಲ ಎಂದು ಲೆಕ್ಕ. ಅಂಥ ಬೇಕಾಬಿಟ್ಟಿ ಫಾರಂ ತೆಗೆದುಹಾಕುವುದು ನಮ್ಮ ಕೆಲಸದ ರೂಢಿ. ಲ್ಯಾಪ್‌ಟಾಪ್ ಬಿಚ್ಚಿ, ತೆಗೆದದ್ದನ್ನು ಹುಡುಕಿದೆ. ಸುನಿತಾ ಎಂಬ ಹೆಸರು. ಆರಕ್ಕೆ ಆರೂ 'ತುಂಬಾ ಚೆನ್ನಾಗಿದೆ'. ಪಕ್ಕದಲ್ಲಿ ಫಾರಂ ತುಂಬಲು ಹಿಡಿದ ಸಮಯವೂ ಇತ್ತು, ನಾನು ಅದನ್ನು ನೋಡಿರಲೇ ಇಲ್ಲ. ಉಳಿದವರೆಲ್ಲ ಎರಡು ನಿಮಿಷದಲ್ಲಿ ಮುಗಿಸಿದ್ದರು. ಇವಳು ಆರು ಗುರುತು ಒತ್ತಲು ಹದಿನಾಲ್ಕು ನಿಮಿಷ ತೆಗೆದುಕೊಂಡಿದ್ದಳು.

"ಸುನಿತಾ ಯಾರು?"

ಬಾಗಿಲ ಹತ್ತಿರ ನಿಂತಿದ್ದ ಒಬ್ಬ ಸಣಕಲು ಹೆಂಗಸು ಮುಂದೆ ಬಂದಳು. ಅವಳ ಸೆರಗು ಹಿಡಿದು ಪ್ರಿಯಾಂಕ ಎಂಬ ಮೂರು ವರ್ಷದ ಮಗು. ಎರಡು ಕೆನ್ನೆಗೂ ಒಂದೊಂದು ಕಪ್ಪು ಬೊಟ್ಟು.

"ನೀನ್ಯಾಕೆ ಕಪ್ಪು ಇಡ್ಲಿಲ್ಲ?" ಎಂದೆ. ನನ್ನ ದನಿಯಲ್ಲಿ ಸಿಡುಕು ಉಳಿದಿರಲಿಲ್ಲ.

"ಮಡಗವಾ ಅಂತಾನೇ ಇದ್ದೆ ಅಕ್ಕ. ಎಲ್ರೂ ಮಡಗು ಅಂತ ಏಳುದ್ರು. ಎರಡು ವರ್ಸ ಆದ್ರೂ ಇವ್ಳಿಗೆ ನಡಿಯಾಕೆ ಬತ್ತಿರ್ಲಿಲ್ಲ. ಈ ಶಿವನಂಜಮ್ಮ ದಿನಾ ಕಾಲ್ಗೆ ಎಣ್ಣೆ ತಿಕ್ಕಿ, ರಾಗಿ ಸರಿ ತಿನ್ಸಿ, ಗೋಡೆ ಇಡುಸ್ಕಂಡು ನಡ್ಸುದ್ರು. ಅವ್ರು ಮಾಡಿರದ್ರಲ್ಲಿ ಯಾವ್ದುನ್ನ ಕೆಟ್ಟದ್ದು ಅನ್ನನ? ಬೆರಳೇ ಬರ್ಲಿಲ್ಲ. ದಿಷ್ಟಿ ಆದ್ರೆ ಆಗ್ಲಿ ಅಂತ ಒತ್ಬುಟ್ಟೆ. ಆವತ್ತಿಂದ ಇವ್ಳಿಗೆ ಎರಡೆರಡು ಬೊಟ್ಟು ಮಡಗ್ತಿವ್ನಿ."

ಫೋನಿನಲ್ಲಿ ಸ್ವರೂಪ್ ಇನ್ನೂ ಇದ್ದರು. "ಆ ಫಾರಂ ಮೊದಲನೇ ಪುಟಕ್ಕೆ ಹಾಕಿ ವೀಣ. ಆ ಹದಿನಾಲ್ಕು ನಿಮಿಷಾನೂ ಬರೀರಿ," ಎಂದರು.

ಶುಕ್ರವಾರ ಕಮಿಟಿ ಅದನ್ನೂ ದೃಷ್ಟಿಬೊಟ್ಟಿನ ವಿಷಯವನ್ನೂ ಓದಿ, ನನ್ನ ನಿಯಮವನ್ನು ಬದಿಗಿಟ್ಟು, ಮಕ್ಕಳ ಮನೆಯನ್ನು ಇನ್ನೂ ಮೂರು ವರ್ಷ ಮುಂದುವರಿಸಿತು. ಅಂಥ ಫಾರಂ ಅನ್ನು ಕಸದ ಲೆಕ್ಕಕ್ಕೆ ಹಾಕಿದ್ದ ನನ್ನನ್ನು ಯಾರೂ ಬೈಯಲಿಲ್ಲ. ಸುನಿತಾಳ ಋಣ ನನ್ನ ಮೇಲೂ ಇದೆ. ತಪ್ಪನ್ನು ತಿದ್ದಿಕೊಳ್ಳಲು ನನಗೆ ಒಂದು ಸಂಜೆ ಸಿಕ್ಕಿತಲ್ಲ, ಅದನ್ನು ನೆನೆದರೆ ಈಗಲೂ ಕೈ ಮುಗಿಯಬೇಕು ಅನ್ನಿಸುತ್ತದೆ.

ಆದರೆ ಆ ಗುರುವಾರ ಸಂಜೆ ಸುನಿತಾಗೆ ಬೈಗುಳ ತಪ್ಪಲಿಲ್ಲ. ಫೋನ್ ಇಟ್ಟ ತಕ್ಷಣ ಶಿವನಂಜಮ್ಮ ಎದ್ದರು. ಕಣ್ಣು ತುಂಬಿತ್ತು, ಬಾಯಿ ಮಾತ್ರ ಜೋರಾಗಿತ್ತು.

"ನಿಂಗೇನ್ ಬುದ್ಧಿಗಿದ್ಧಿ ಅದಾ? ಒಂದು ಕಪ್ಪು ಮಡಗಿದ್ರೆ ನನ್ ಗಂಟೇನ್ ಓಯ್ತಿತ್ತು? ನಾನ್ ಎಚ್ಚೇನೇ ನಿಂಗೆ, ಕೂಸು ಎಚ್ಚೇನೇ?"

ಸುನಿತಾ ಮಗಳ ತಲೆ ಸವರುತ್ತಾ ನಿಂತಿದ್ದಳು.

"ಅದ್ನೇ ಕಣಮ್ಮ," ಎಂದಳು, "ಅಷ್ಟೊತ್ತೂ ಯೋಚ್ನೆ ಮಾಡಿದ್ದು."