ಮುಳ್ಳು ಸಿಕ್ಕಿಕೊಂಡ ಸಾಲು

ಶಿವಮೊಗ್ಗದ ಡಾಕ್ಟರು ಹೋದ ತಿಂಗಳೇ ಹೇಳಿದ್ದರು: ಕಣ್ಣಿನ ಪೊರೆ ತೆಗೆದರೆ ಹತ್ತು ಜನರಲ್ಲಿ ಏಳು ಜನಕ್ಕೆ ಕಾಣುತ್ತದೆ, ಮೂವರಿಗೆ ಇದ್ದ ಮಬ್ಬು ಬೆಳಕೂ ಹೋಗುತ್ತದೆ. ಶಂಕ್ರಮ್ಮ ಆಗಲೇ ಒಪ್ಪಿದ್ದಳು. ಗಂಡ ಮುರುಗೇಶಪ್ಪ ಮಾತ್ರ ಹೊನ್ನಾಳಿಯವರೆಗೆ ಎತ್ತಿನ ಗಾಡಿಯಲ್ಲಿ ಕರೆತಂದು, ಶಿವಮೊಗ್ಗದ ಬಸ್ಸು ಹೊರಡುವ ಹೊತ್ತಿಗೆ ಹೋಟೆಲಿನ ಬೆಂಚಿನ ಮೇಲೆ ಕೂತುಬಿಟ್ಟಿದ್ದ.

"ಆ ಮೂರು ಜನ ಯಾರು ಅಂತ ಡಾಕ್ಟ್ರಿಗೆ ಗೊತ್ತೈತೇನೇ?"

"ಅವರಿಗೆ ಹೆಂಗೆ ಗೊತ್ತಿರತೈತ್ರೀ?"

"ಗೊತ್ತಿರೋನನ್ನೇ ಕೇಳಾಣ. ಈಗ ಕಿವಿಗೆ ಬೀಳೋ ಮೊದಲನೇ ಮಾತೇ ಸ್ವಾಮಿ ಅಪ್ಪಣೆ. ನೀನೂ ಒಪ್ಪಬೇಕು ಮತ್ತೆ."

ಒಪ್ಪಿದಳು. ಅವಳ ಅಪ್ಪ ಬಿತ್ತನೆಗೂ ಬೀಗತನಕ್ಕೂ ಹೀಗೇ ಮೊದಲ ಮಾತಿಗೆ ಕಿವಿಗೊಡುತ್ತಿದ್ದ. ಅವಳನ್ನು ಈ ಮನೆಗೆ ಕೊಟ್ಟದ್ದೂ ಅಂಥದೇ ಒಂದು ಮಾತಿನ ಮೇಲೆ.

ಒಳಗೆ ಹೋಟೆಲಿನ ದುರುಗಪ್ಪ ಗ್ರಾಮಫೋನಿಗೆ ಕೀಲಿ ಕೊಟ್ಟ. ಹೊಸ ನಾಟಕದ ಪ್ಲೇಟು. ಕರಕರ ಸದ್ದಿನ ನಡುವೆ ಹೆಣ್ಣುದನಿ ಎದ್ದಿತು.

"ಹೋಗಬೇಡೆ..."

ಮುಳ್ಳು ಸಿಕ್ಕಿಕೊಂಡಿತು. "ಹೋಗಬೇಡೆ... ಹೋಗಬೇಡೆ... ಹೋಗಬೇಡೆ..."

ಮುರುಗೇಶಪ್ಪ ಉಸಿರು ಬಿಟ್ಟ. "ಕೇಳಿದೆಯಾ? ನಿನ್ನ ಹೆಸರು ಹಿಡಿದು ಕರೆಯೋದೊಂದು ಬಾಕಿ."

ಅದು ಅಪ್ಪಣೆಯೇ ಇರಬೇಕೆಂದು ಶಂಕ್ರಮ್ಮನಿಗೂ ಅನ್ನಿಸಿತು. ಆದರೆ ಷಟ್ಪದಿ ಕೇಳುತ್ತ ಬೆಳೆದ ಕಿವಿ ಸುಮ್ಮನಿರಲಿಲ್ಲ. ಸಾಲು ತುಂಬಿರಲಿಲ್ಲ; ಕೊನೆಯಲ್ಲಿ ದನಿ ಇಳಿಯದೆ ಮುಂದಕ್ಕೆ ಚಾಚಿತ್ತು.

"ಅದು ಅರ್ಧ ಪದ ಕಣ್ರೀ. ದುರುಗಪ್ಪಾ, ಮುಂದಕ್ಕೆ ಬಿಡಪ್ಪ!"

"ತಡೀಯವ್ವ, ಇದು ಹಿಂಗೇ ಹೋಗಬೇಡೆ ಅಂತಿದ್ರೆ ಇದ್ದ ಗಿರಾಕೀನೂ ಎದ್ದು ಹೋಗ್ತಾರೆ!" ಮುಳ್ಳೆತ್ತಿ ಮೊದಲಿಗೆ ಇಟ್ಟ. ಈ ಸಲ ಸಾಲು ಎಲ್ಲೂ ನಿಲ್ಲಲಿಲ್ಲ.

"ಹೋಗಬೇಡೆಂದವರ ಮಾತ ಕೇಳಬೇಡ..."

ಶಂಕ್ರಮ್ಮ ನಕ್ಕೇಬಿಟ್ಟಳು. "ಕೇಳಿದ್ರಾ? ಬೇಡ ಅಂದೋರ ಮಾತು ಕೇಳಬೇಡ ಅಂತೈತೆ."

"ಅದು ಎರಡನೇ ಮಾತು."

"ಒಂದೇ ಮಾತ್ರೀ. ಅದನ್ನ ಮುರಿದಿದ್ದು ಮುಳ್ಳು."

"ಮುಳ್ಳನ್ನ ಅಲ್ಲೇ ನಿಲ್ಲಿಸಿದ್ದು ಯಾರು?"

ಅದು ಬರೀ ಮುಳ್ಳು ಎನ್ನಲು, ಅವಳು ತನ್ನ ಅಪ್ಪ ಕೇಳಿಸಿಕೊಂಡದ್ದೆಲ್ಲ ಬರೀ ಗಾಳಿ ಎನ್ನಬೇಕಾಗಿತ್ತು. ತನ್ನನ್ನು ಈ ಮನೆಗೆ ತಂದ ಆ ಮಾತನ್ನೂ.

ಹೊರಗೆ ಬಸ್ಸಿನ ಏಜೆಂಟ್ ಕೂಗತೊಡಗಿದ, "ಶಿವಮೊಗ್ಗ, ಶಿವಮೊಗ್ಗ!" ಶಂಕ್ರಮ್ಮ ಎದ್ದು ನಿಂತಳು. ಮುರುಗೇಶಪ್ಪ ಅವಳ ಮೊಣಕೈ ಹಿಡಿದ.

"ಇದ್ದಷ್ಟು ಬೆಳಕಾದ್ರೂ ಇರಲಿ ಕಣೇ."

ಅವನ ಹಿಡಿತ ಸಡಿಲವಾಗಲಿಲ್ಲ. ಏಜೆಂಟನ ಕೂಗು ಬಲಗಡೆಯಿಂದ ಬರುತ್ತಿತ್ತು. ಅವಳು ಹೆಜ್ಜೆ ಇಟ್ಟದ್ದು ಎಡಕ್ಕೆ, ತಮ್ಮ ಗಾಡಿಯ ಎತ್ತುಗಳ ವಾಸನೆಯ ಕಡೆಗೆ.