ರಾಜ ಕುದುರೆ ಹತ್ತುವಷ್ಟು ಹೊತ್ತು

ನಮ್ಮ ಮನೆಯಲ್ಲಿ ಗಡಿಯಾರಗಳು ನಲವತ್ತರ ಮೇಲಿವೆ, ಸರಿಯಾದ ಸಮಯ ತೋರಿಸುವುದು ಒಂದೂ ಇಲ್ಲ. ಅಪ್ಪ ಗಡಿಯಾರ ರಿಪೇರಿಯವರು. ಸರಿಹೋದವು ತಮ್ಮ ತಮ್ಮ ಮನೆಗೆ ಹೋಗುತ್ತವೆ, ಕೆಟ್ಟವು ನಮ್ಮ ಗೋಡೆಯ ಮೇಲೆ ಕೂತು ಬಾಯಿಗೆ ಬಂದದ್ದು ಹೇಳುತ್ತವೆ. ನಂಬುವಂಥದ್ದು ಅಪ್ಪನ ಜೇಬಿನ ಸ್ಟಾಪ್‌ವಾಚ್ ಒಂದೇ. ಹಾಗಾಗಿ ಅಡುಗೆಮನೆಯಲ್ಲಿ ಮೊದಲಿನಿಂದಲೂ ಅಜ್ಜಿಯ ಲೆಕ್ಕ. ಅವಳು ಹೊತ್ತನ್ನು ಕಥೆಯಲ್ಲಿ ಅಳೆಯುತ್ತಾಳೆ. ಮೊಟ್ಟೆ ಮೆತ್ತಗೆ ಬೇಯಬೇಕಾದರೆ ರಾಜ ಕುದುರೆ ಹತ್ತಬೇಕು. ಗಟ್ಟಿಯಾಗಿ ಬೇಯಬೇಕಾದರೆ ಅವನು ಬೀಳಬೇಕು.

"ನಾನು ಈ ಕಸುಬಿಗೆ ಸುಮ್ಮನೆ ಬಂದೆ ಅಂದ್ಕೊಂಡ್ಯಾ?" ಅನ್ನುತ್ತಾರೆ ಅಪ್ಪ. "ಚಿಕ್ಕಂದಿನಲ್ಲಿ ಸೀದದ್ದನ್ನೇ ತಿಂದು ತಿಂದು ಬಂದೆ."

ನನ್ನ ಕಣ್ಣು ಮಾತ್ರ ಬಾಗಿಲ ಹಿಂದಿನ ಮೊಳೆಯ ಮೇಲೆ. ಅಲ್ಲಿ ನಮ್ಮ ಕಪ್ಪು ಕಾರಿನ ಎರಡನೇ ಕೀ ನೇತಾಡುತ್ತದೆ. ಲೈಸೆನ್ಸ್ ಸಿಕ್ಕಿ ಎಂಟು ತಿಂಗಳಾದರೂ ಅಪ್ಪ ಪಕ್ಕದಲ್ಲಿ ಕೂರದೆ ನಾನು ಗೇಟು ದಾಟಿಲ್ಲ. ತಪ್ಪು ನನ್ನದೇ ಅನ್ನಿ. ಒಂದು ದಿನ ಹಸಿರು ದೀಪ ಬಂದ ಮೇಲೂ ಮೋಡ ನೋಡುತ್ತ ನಿಂತುಬಿಟ್ಟಿದ್ದೆ. ಮೋಡಕ್ಕೆ ಆಗಷ್ಟೇ ಸೊಂಡಿಲು ಮೂಡುತ್ತಿತ್ತು, ಅರ್ಧಕ್ಕೆ ಬಿಟ್ಟು ಹೊರಡುವುದು ಹೇಗೆ? ಹಿಂದಿನ ಬಸ್ಸಿನವನು ಕೇಳಬಾರದ್ದನ್ನೆಲ್ಲ ಕೇಳಿಸಿದ.

"ನಿನಗೆ ಗಾಡಿ ಓಡಿಸೋಕೆ ಬರುತ್ತೆ, ಗಮನ ಇಡೋಕೆ ಬರಲ್ಲ," ಅಂದಿದ್ದರು ಅಪ್ಪ. ಈ ವಾರ ಯಾಕೋ ಮನಸ್ಸು ಕರಗಿತು. "ಶನಿವಾರ ಕಾರಿಗೆ ಪಾಲಿಶ್ ಹಾಕು. ನಾಲ್ಕು ಗಂಟೆಗೆ ಬಂದು ನೋಡ್ತೀನಿ. ಒಂದೇ ಒಂದು ಕಲೆ ಇಲ್ದಿದ್ರೆ ಆ ಕೀ ನಿನ್ನದು. ಇದ್ರೆ, ಇನ್ನೊಂದು ವರ್ಷ ಪಕ್ಕದ ಸೀಟಲ್ಲಿ ನಾನು."

ಕಾರಿನ ಸಾಮಾನು ಮಾರುವ ಅಂಗಡಿಯಾಕೆಗೆ ಡಬ್ಬಿ ಅಕ್ಕ ಅಂತಲೇ ಹೆಸರು. ನೆಲದಿಂದ ಸೂರಿನವರೆಗೆ ಡಬ್ಬಿ, ನಡುವೆ ಅವಳ ಮುಖ.

"ಏನಾಗಿದೆ ಕಾರಿಗೆ?" ರೋಗಿಯನ್ನು ಕೇಳುವ ಧಾಟಿಯಲ್ಲಿ ಕೇಳಿದಳು.

"ಮಂಕಾಗಿದೆ ಅಕ್ಕ. ಪಾಲಿಶ್ ಕೊಡಿ."

"ಇರು, ಇರು. ನೀರು ಚಿಮುಕಿಸಿದ್ರೆ ಮಣಿ ಮಣಿಯಾಗಿ ನಿಲ್ಲುತ್ತೋ, ಚಾದರ ಹಾಸಿದ ಹಾಗೆ ಹರಡುತ್ತೋ?"

"ಹರಡುತ್ತೆ."

"ತೆಳು ಪ್ಲಾಸ್ಟಿಕ್ ಚೀಲದೊಳಗೆ ಕೈ ಹಾಕಿ ಮೈ ಸವರಿದ್ರೆ? ತರಿತರಿ?"

ಬೀದಿಯಲ್ಲಿ ನಿಲ್ಲಿಸಿದ್ದ ಕಾರಿನ ಬಳಿ ನನ್ನನ್ನು ಓಡಿಸಿದಳು. ಪಕ್ಕದ ಸೀಟಿನಲ್ಲಿದ್ದ ಅಪ್ಪ, ನಾನು ಚೀಲ ತೊಟ್ಟು ಬಾನೆಟ್ ಸವರುವುದನ್ನು ಕಂಡು ಮುಖ ಆಚೆ ತಿರುಗಿಸಿಕೊಂಡರು.

"ನುಣ್ಣಗಿದೆ. ಗೀರೂ ಇಲ್ಲ."

"ಹಾಗಾದ್ರೆ ನಿನಗೆ ಪಾಲಿಶ್ ಬೇಡ, ವ್ಯಾಕ್ಸ್ ಬೇಕು. ಪಾಲಿಶ್ ಅಂದ್ರೆ ಉಜ್ಜೋದು, ಬಣ್ಣದ ಮೈಯನ್ನೇ ಒಂದಿಷ್ಟು ತೆಗೀತದೆ. ವ್ಯಾಕ್ಸ್ ಅಂದ್ರೆ ಹೊದಿಸೋದು. ಚಳಿ ಅಂದವರಿಗೆ ಯಾರಾದ್ರೂ ಚರ್ಮ ಕೆರೀತಾರಾ?"

ಮುಚ್ಚಳದ ಮೇಲೆ ಹಂಸವಿದ್ದ ಚಪ್ಪಟೆ ಡಬ್ಬಿಯೊಂದನ್ನು ಮುಂದಿಟ್ಟಳು. "ನೆರಳಲ್ಲಿ ಹಾಕು. ತೆಳ್ಳಗೆ. ಒಂದು ಸಲಕ್ಕೆ ಒಂದೇ ಭಾಗ. ಐದು ನಿಮಿಷ ಬಿಟ್ಟು ಒರೆಸು. ಅಕಸ್ಮಾತ್ ಒಣಗಿ ಕಲ್ಲಾದ್ರೆ..."

ಆ ಹಂಸದ ಕತ್ತಿನಲ್ಲಿ ಒಂದು ಸಣ್ಣ ಬೀಗವಿತ್ತು. ಯಾರು ಹಾಕಿದ್ದು? ಯಾಕೆ? ಅವಳ ಉಳಿದ ಮಾತು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಶನಿವಾರ ಅಪ್ಪ ಶಾಲೆಯ ಗೋಪುರದ ಗಡಿಯಾರ ಸರಿಮಾಡಲು ಹೋದರು. ಅದು ತಿಂಗಳಿಂದ ಮೂಕವಾಗಿತ್ತು. ಸ್ಟಾಪ್‌ವಾಚೂ ಅವರ ಜೊತೆಗೇ ಹೋಯಿತು. ನಾನು ಕಾರು ತೊಳೆದು, ಒರೆಸಿ, ಶೆಡ್ಡಿನ ನೆರಳಿಗೆ ತಂದೆ. ಸ್ಪಾಂಜಿನಲ್ಲಿ ವ್ಯಾಕ್ಸ್ ತೆಗೆದು ಬಾನೆಟ್ಟಿಗೆ ಸುತ್ತ ಸುತ್ತ ಸವರಿದೆ. ಕೈಯೆಲ್ಲ ಅಂಟು, ಫೋನು ಮುಟ್ಟುವ ಹಾಗಿಲ್ಲ.

"ಅಜ್ಜಿ, ಐದು ನಿಮಿಷ ಆದ್ರೆ ಹೇಳ್ತೀಯಾ?"

ಅಜ್ಜಿ ಸ್ಟೂಲು ಎಳೆದುಕೊಂಡು ಕೂತಳು. "ಐದಾ? ರಾಜ ಕುದುರೆ ಹತ್ತುವಷ್ಟು ಹೊತ್ತು. ಒಂದಾನೊಂದು ಊರಲ್ಲಿ ಒಬ್ಬ ರಾಜ. ಅವನಿಗೆ ನಗು ಬರ್ತಿರಲಿಲ್ಲ..."

ಈ ಕಥೆ ನೂರು ಸಲ ಕೇಳಿದ್ದೇನೆ. ಯಾರೂ ಬಾಯಿ ಹಾಕದಿದ್ದರೆ ಸರಿಯಾಗಿ ಐದೇ ನಿಮಿಷ. ಆದರೆ ಅವತ್ತು, ಕಪ್ಪು ಬಾನೆಟ್ಟಿನಲ್ಲಿ ನನ್ನ ಮುಖ ನೋಡುತ್ತ, ಇಷ್ಟು ವರ್ಷದಲ್ಲಿ ಯಾರೂ ಕೇಳದ್ದನ್ನು ಕೇಳಿಬಿಟ್ಟೆ.

"ಅಜ್ಜಿ, ಕುದುರೆ ಯಾವ ಬಣ್ಣ?"

ಅಜ್ಜಿ ಯಾವ ಪ್ರಶ್ನೆಗೂ ಒಂದು ಪದದಲ್ಲಿ ಉತ್ತರ ಕೊಟ್ಟವಳಲ್ಲ. ಕುದುರೆಯ ಬಣ್ಣ ತಿಳಿಯಬೇಕಾದರೆ ಅದರ ತಾಯಿ ಗೊತ್ತಿರಬೇಕು, ತಾಯಿ ನೀರು ಕುಡಿದ ಕೊಳ ಗೊತ್ತಿರಬೇಕು, ಕೊಳದ ಕಾವಲಿನ ಕಪ್ಪೆಗೆ ಏನು ಸಂಕಟವಿತ್ತು ಅನ್ನುವುದೂ ಗೊತ್ತಿರಬೇಕು. ಕಥೆ ಓಡಿತು, ಅದರ ಹಿಂದೆ ನನ್ನ ಕೈಯೂ ಓಡಿತು. ಬಾನೆಟ್ಟಿನಿಂದ ಬಾಗಿಲಿಗೆ, ಬಾಗಿಲಿಂದ ಚಾವಣಿಗೆ, ಚಾವಣಿಯಿಂದ ಡಿಕ್ಕಿಗೆ. ಕಪ್ಪೆಗೆ ಮದುವೆಯಾಗುವ ಹೊತ್ತಿಗೆ ತಿರುಗಿ ನೋಡುತ್ತೇನೆ, ವ್ಯಾಕ್ಸ್ ಒಣಗಿ ನಮ್ಮ ಕಪ್ಪು ಕಾರು ಬೆಳ್ಳಗಾಗಿದೆ! ಬಟ್ಟೆ ಹಾಕಿ ಒರೆಸಿದೆ. ಜಪ್ಪಯ್ಯ ಅಂದರೂ ಅಲುಗಲಿಲ್ಲ.

"ರಾಜ ಕುದುರೆ ಹತ್ತಿದ್ನಾ ಅಜ್ಜಿ?"

"ಎಲ್ಲಿ ಹತ್ತೋದು? ಅವನಿನ್ನೂ ಎದ್ದೇ ಇಲ್ಲ."

ಆಗಲೇ ದೂರದಿಂದ ಢಣ್, ಢಣ್, ಢಣ್. ಶಾಲೆಯ ಗಡಿಯಾರ ಮೂರು ಹೊಡೆಯಿತು. ಅಂದರೆ ಅದು ಸರಿಹೋಗಿದೆ. ಅಂದರೆ ಅಪ್ಪ ಇನ್ನೇನು ಹೊರಡುತ್ತಾರೆ.

"ಉಗುರಲ್ಲಿ ಕೆರೆಯೇ," ಅಂದಳು ಅಜ್ಜಿ.

ಉಗುರು! ಡಬ್ಬಿ ಅಕ್ಕ ಉಗುರಿನ ವಿಷಯ ಏನೋ ಹೇಳಿದ್ದಳಲ್ಲ? ಡಬ್ಬಿ ಎತ್ತಿ ಹಂಸವನ್ನೇ ದಿಟ್ಟಿಸಿದೆ. ಬೀಗ ನೋಡುತ್ತಿದ್ದಾಗ ಕಿವಿಗೆ ಬಿದ್ದಿದ್ದ ಮಾತು ಮೆಲ್ಲಗೆ ಮೇಲೆ ಬಂತು: "ಉಗುರು ಹಾಕಬೇಡ. ಅದರ ಮೇಲೆ ಅದನ್ನೇ ಇನ್ನೊಂದು ಸಲ ಸವರು. ಹಳೇದು ಮೆತ್ತಗಾಗುತ್ತೆ. ಆಗಲೇ ಒರೆಸು."

ಅಂಗೈಯಗಲ ಸವರಿ, ಒರೆಸಿದೆ. ಬಿಳಿ ಹೋಗಿ ಕಪ್ಪು ಮಿಂಚಿತು.

"ಸರಿ, ಆ ಕಪ್ಪೆ..." ಅಂತ ಅಜ್ಜಿ ಬಾಯಿ ತೆರೆದಳು.

"ಅಜ್ಜಿ, ನಿನ್ನ ದಮ್ಮಯ್ಯ. ಈಗ ಕಥೆ ನಾನು ಹೇಳ್ತೀನಿ. ನೀನು ಒಂದೂ ಪ್ರಶ್ನೆ ಕೇಳಬಾರದು."

ಒಂದು ಬಾಗಿಲಿಗೆ ಒಂದೇ ಒಂದು ಮಾತು. ಸವರುವಾಗ ಶುರು, ಒರೆಸಿದ ಮೇಲೆ ಮುಂದಿನದು. ರಾಜ ಎದ್ದ. ಲಾಯಕ್ಕೆ ಬಂದ. ಕುದುರೆಯ ಮೈತುಂಬ ಕೆಸರು. ಕುದುರೆ ಹೇಳಿತು, "ನನ್ನ ನಿಜವಾದ ಬಣ್ಣ ಹೇಳು, ಹತ್ತಿಸಿಕೊಳ್ತೀನಿ." ಬಾನೆಟ್ಟು ಮುಗಿಯಿತು, ಎಡಗಡೆ ಮುಗಿಯಿತು, ಚಾವಣಿ ಮುಗಿಯಿತು, ಬಲಗಡೆಯೂ ಮುಗಿಯಿತು. ಡಿಕ್ಕಿಯೊಂದು ಉಳಿದಿತ್ತು, ಅಷ್ಟರಲ್ಲಿ ಗೇಟು ಕಿರುಗುಟ್ಟಿತು.

"ಏನಿದು ಕಲೆ?"

"ಕಲೆ ಅಲ್ಲಪ್ಪ, ಕೆಲಸ ಬಾಕಿ. ನೀವು ಹೇಳಿದ್ದು ನಾಲ್ಕು ಗಂಟೆಗೆ."

"ಗೋಪುರದ ಗಡಿಯಾರ ನೋಡಿಕೊಂಡೇ ಬಂದೆ, ಇನ್ನು ಆರು ನಿಮಿಷ ಇದೆ." ಸ್ಟಾಪ್‌ವಾಚ್ ಕೈಗೆ ಬಂತು. "ನೋಡೇಬಿಡೋಣ."

ನಾನು ಅವರ ಕಡೆ ನೋಡಲಿಲ್ಲ. ಡಿಕ್ಕಿಯ ಎಡ ಮೂಲೆ ಸವರುತ್ತ ಅಜ್ಜಿಗೆ ಹೇಳಿದೆ: ರಾಜ ಬೆಳ್ಳಗೆ ಅಂದ, ಕುದುರೆ ತಲೆಯಾಡಿಸಿತು. ಒರೆಸಿದೆ. ಕೆಂಪು ಅಂದ, ಕುದುರೆ ಸೀನಿತು. ಒರೆಸಿದೆ. ಕೊನೆಗೆ ರಾಜ ಕಿರೀಟ ತೆಗೆದಿಟ್ಟು, ತೋಳು ಮಡಚಿ, ಒಂದು ಬಕೆಟ್ ನೀರು ತಂದ. ಒರೆಸಿದೆ.

"ಮುಗೀತು," ಅಂದೆ.

ಅಪ್ಪ ಕಣ್ಣಿಗೆ ತಮ್ಮ ಗಡಿಯಾರದ ಮಸೂರ ಸಿಕ್ಕಿಸಿಕೊಂಡು ಇಡೀ ಕಾರನ್ನು ಸುತ್ತಿದರು. ನೀರು ಚಿಮುಕಿಸಿದರು, ಮಣಿ ಮಣಿಯಾಗಿ ಉರುಳಿತು. ಡಿಕ್ಕಿಯ ಬೀಗದ ಹತ್ತಿರ ಬಗ್ಗಿದವರು ಅಲ್ಲೇ ನಿಂತರು.

"ಇಲ್ಲೊಂದಿದೆ." ಸಾಸಿವೆಯಷ್ಟು ಬಿಳಿ.



"ನಾಲ್ಕಾಯ್ತಾ?" ಅಂದಳು ಅಜ್ಜಿ. "ನಾಲ್ಕಾಗೋಕೆ ಮುಂಚೆ ಕಂಡದ್ದು ಕಲೆ ಹೇಗಾಗುತ್ತೆ? ವಾಚು ನೋಡಿ ಹೇಳೋ."

ಅಪ್ಪ ವಾಚು ನೋಡಿದರು. ಅದರ ಮುಳ್ಳು ಸೊನ್ನೆಯ ಮೇಲೆ ಹಾಯಾಗಿ ನಿಂತಿತ್ತು. ಗುಂಡಿ ಒತ್ತಲೇ ಮರೆತಿದ್ದರು.

"ಗಮನ," ಅಂದಳು ಅಜ್ಜಿ ಸೂರು ನೋಡುತ್ತ, "ಎಲ್ಲರಿಗೂ ಬರಲ್ಲ ಬಿಡು."

ಅಪ್ಪನ ಕಿವಿ ಕೆಂಪಾಯಿತು. ಜೇಬಿನಿಂದ ಮಸೂರ ಒರೆಸುವ ಬಟ್ಟೆ ತೆಗೆದು ನನ್ನ ಕೈಗಿತ್ತರು. ಸಾಸಿವೆ ಹೋಯಿತು. ಒಳಗೆ ಹೋಗಿ ಕೀ ತಂದರು, ಆದರೆ ಕೊಡದೆ ಬೆರಳಲ್ಲಿ ತಿರುಗಿಸುತ್ತ ನಿಂತರು.

"ಅದಿರಲಿ, ಕುದುರೆ ಯಾವ ಬಣ್ಣ?"

"ದಾರಿಯಲ್ಲಿ ಹೇಳ್ತೀನಿ. ಹಿಂದಿನ ಸೀಟಲ್ಲಿ ಕೂತ್ಕೊಳ್ಳಿ."

ಕೀ ನನ್ನ ಅಂಗೈಗೆ ಬಂತು. ಅಜ್ಜಿ, ಅಪ್ಪ ಇಬ್ಬರೂ ಹಿಂದೆ ಕೂತರು, ಮುಂದೆ ನಾನೊಬ್ಬಳೇ. ಬೀದಿಯ ಕೊನೆಯಲ್ಲಿ ಕೆಂಪು ದೀಪ. ರಾಜ ಬಕೆಟ್ ಎತ್ತಿದ, ಕೆಸರು ಇಳಿಯಿತು, ಕೆಳಗಿನಿಂದ ಬಣ್ಣ ಇಣುಕಿತು...

"ಯಾವ್ದೇ?" ಅಪ್ಪ ಮುಂದಕ್ಕೆ ಬಗ್ಗಿದರು.

ದೀಪ ಹಸಿರಾಯಿತು. ನಾನು ಬಾಯಿ ಮುಚ್ಚಿಕೊಂಡು ಗಾಡಿ ಬಿಟ್ಟೆ.