ಮೂರನೆಯ ಸೀಸದ ಗುಂಡು

ಕಟ್ — ಮತ್ತೆ ಅದೇ ಸದ್ದು, ವಿಮಾನವನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸುತ್ತೇನೆ, ಕಟ್, ಮೂಗಿನೊಳಗೆ ಅಂಟಿಸಿದ್ದ ಸೀಸದ ಗುಂಡು ಮೂರರಲ್ಲಿ ಒಂದು ಕಿತ್ತುಕೊಂಡಿದೆ, ಗೇಣುದ್ದದ ಪ್ಲಾಸ್ಟಿಕ್ ಮಾದರಿ, ಮಿಗ್ ಯುದ್ಧವಿಮಾನದ್ದು, ಮೂಗಿಗೆ ಭಾರ ಕೊಡದಿದ್ದರೆ ಗಾಲಿಯ ಮೇಲೆ ನಿಲ್ಲದೆ ಬಾಲ ಊರಿ ಕೂತುಬಿಡುತ್ತದೆ, ಅದಕ್ಕೇ ಹೆಂಡತಿ ಮಲ್ಲಿಕಮ್ಮ ತವರಿನ ಮೀನು ಬಲೆಯಿಂದ ಗುಂಡು ಬಿಚ್ಚಿ ತಂದಿದ್ದಳು, ನಿನ್ನೆ ಎರಡು ಹೋಳು ಕೂಡಿಸಿ ಅಂಟಿಸಿ, ಸಂದಿಗೆ ಪುಟ್ಟಿ ತುಂಬಿ, ಕೂದಲೆಳೆಯಷ್ಟೂ ಗೆರೆ ಕಾಣದಂತೆ ಉಜ್ಜಿದೆ, ಇಂಥ ಕೆಲಸವನ್ನು ಈ ಶಿರವಾಳದಲ್ಲಿ ಯಾರಿಗೆ ತೋರಿಸಲಿ, ಬಾಲದ ಮೇಲಿನ ನಂಬರು ಕೂಡ ವಾಯುಪಡೆಯಲ್ಲಿ ನಾನು ದಿನಾ ರಿಪೇರಿ ಮಾಡುವ ಯುದ್ಧವಿಮಾನದ್ದೇ, ಈಗ ಒಡೆಯದೆ ಗುಂಡು ತೆಗೆಯುವಂತಿಲ್ಲ. ಹೊರಗಿಂದ ಏನೂ ಕಾಣಂಗಿಲ್ಲ, ಬಿಡ್ರಿ ಅತ್ಲಾಗ — ಮಲ್ಲಿಕಮ್ಮ ರೊಟ್ಟಿ ಬಡಿಯುತ್ತಲೇ ಅನ್ನುತ್ತಾಳೆ. ಬಿಡಬಹುದು, ಇದರೊಳಗೆ ಯಾರೂ ಕೂರುವುದಿಲ್ಲ, ನಾನು ರಿಪೇರಿ ಮಾಡಿ ಬಂದ ಅದರೊಳಗೆ ಪೈಲಟ್ ಕೂರುತ್ತಾರೆ, ಇವತ್ತೇ, ಸೋಮವಾರ, ಹತ್ತೂವರೆಗೆ.

ಶನಿವಾರ ಸಂಜೆ, ರಜೆ ಚೀಟಿ ಕಿಸೆಯಲ್ಲಿ, ರೈಲಿಗೆ ಇನ್ನೊಂದೇ ತಾಸು, ಪೈಲಟ್ ಸೀಟಿನ ಕೆಳಗಿನ ಕೆಲಸ ಮುಗಿಸಿ ಹಲಗೆಯ ಮುಂದೆ ನಿಂತಿದ್ದೆ, ಪ್ರತಿ ರಿಪೇರಿ ಹತ್ಯಾರದ ಆಕಾರವನ್ನು ಕೆಂಪು ಬಣ್ಣದಲ್ಲಿ ಬರೆದ ಹಲಗೆ, ಹತ್ಯಾರ ತನ್ನ ಜಾಗಕ್ಕೆ ಬಂದರೆ ಕೆಂಪು ಮುಚ್ಚುತ್ತದೆ, ಎಲ್ಲ ಮುಚ್ಚಿದ ಮೇಲೇ ವಿಮಾನದ ಪುಸ್ತಕದಲ್ಲಿ ಸಹಿ, ಒಂದು ಗಿಡ್ಡ ಸ್ಕ್ರೂಡ್ರೈವರಿನ ಕೆಂಪು ಮಾತ್ರ ತೆರೆದೇ ಇತ್ತು. ನನ್ನ ಕಿಸೆದಾಗ ಅದಪಾ, ಆಮ್ಯಾಲೆ ಹಚ್ತೀನಿ, ನೀ ಸಹಿ ಹಾಕು, ರೈಲು ಹೋಗ್ತದ — ಸೀಟಿನ ಕೆಳಗೆ ನನ್ನ ಜೊತೆ ಕೆಲಸ ಮಾಡಿದ ಜಲಾಲುದ್ದೀನ, ನಮ್ಮ ಕಡೆಯ ಗೋಗಿಯವನು, ಆ ದೂರದ ವಾಯುಪಡೆ ಸ್ಟೇಷನ್ನಿನಲ್ಲಿ ನಮ್ಮ ಭಾಷೆ ಮಾತಾಡುವವನು ಅವನೊಬ್ಬನೇ, ಕಿಸೆ ತೋರಿಸು ಅನ್ನಲು ನಾಚಿಕೆಯಾಯಿತು, ಸಹಿ ಹಾಕಿದೆ. ಈ ಹಾಳು ಸದ್ದು ಕೇಳಿದ ಮೇಲೆ ಈಗ ನೆನಪಾಗುತ್ತದೆ, ಅವನ ಅಂಗಿಯ ಕಿಸೆ ಹರಿದು ಜೋತಾಡುತ್ತಿತ್ತು, ನಾನೇ ನಕ್ಕು ಹೊಲಿಸಿಕೋ ಅಂದಿದ್ದೆ, ನನಗೆ ನಾನೇ ಅಂದುಕೊಳ್ಳುತ್ತೇನೆ, ಎಲಾ ದ್ಯಾವಪ್ಪ, ಹರಿದ ಕಿಸೆ ಕಣ್ಣಾರೆ ಕಂಡೂ ಸಹಿ ಹಾಕಿದೆಯಲ್ಲೋ.

ಕಾಲುವೆ ದಂಡೆ ಹಿಡಿದು ಓಡುತ್ತಿದ್ದೇನೆ, ವಿಮಾನ ಕೈಯಲ್ಲೇ ಉಳಿದಿದೆ, ಹೆಜ್ಜೆಗೊಮ್ಮೆ ಕಟ್, ಕಾಲುವೆ ಆಫೀಸಿನಲ್ಲಿ ಫೋನಿದೆ, ಹೇಳಿದರೆ ನನ್ನ ಸಹಿ ಸುಳ್ಳಾಗುತ್ತದೆ, ಹನ್ನೆರಡು ವರ್ಷದ ನೌಕರಿ ಹೋಗುತ್ತದೆ, ಜಲಾಲುದ್ದೀನನದೂ, ಹೇಳದಿದ್ದರೆ — ಆ ಸ್ಕ್ರೂಡ್ರೈವರು ಸೀಟಿನ ಕೆಳಗೆ ಉರುಳಿ ಕಂಟ್ರೋಲಿನ ಸಲಾಕೆಗೆ ಅಡ್ಡ ಸಿಕ್ಕಿದರೆ, ಏಣಿ ಹತ್ತುವ ಮುಂಚೆ ಪೈಲಟ್ ಸಾಹೇಬರು ದಿನಾ ಕೇಳುತ್ತಾರೆ, ಎಲ್ಲಾ ಠೀಕ್ ದ್ಯಾವಪ್ಪ, ಠೀಕ್ ಸಾಬ್, ಇವತ್ತು ಪುಸ್ತಕದಲ್ಲಿ ನನ್ನ ಸಹಿ ನೋಡಿಯೇ ಹತ್ತುತ್ತಾರೆ, ನನಗೆ ಹೆದರಿಕೆ. ಕ್ಲಾರ್ಕ್ ಮಹಾದೇವಪ್ಪನಿಗೆ ಕೈಮುಗಿದೆ, ಲೈಟ್ನಿಂಗ್ ಕಾಲ್ ಹಚ್ರಿ, ಎಲ್ಲಾಕ್ಕಿಂತ ಮೊದಲು ಸಿಗೋದು, ಒಬ್ಬರ ಜೀವದ ಮಾತದ, ಅವನು ನನ್ನ ಮುಖ ನೋಡಿ ರಿಸೀವರ್ ಎತ್ತಿದ, ಯಾದಗಿರಿ ಎಕ್ಸ್‌ಚೇಂಜು, ಅಲ್ಲಿಂದಾಚೆ ಇನ್ನೊಂದು, ಗೋಡೆಯ ಗಡಿಯಾರದಲ್ಲಿ ಹತ್ತು, ಹತ್ತೂ ಕಾಲು, ಬರ್ರಿ, ಲೈನ್ ಬಂತು.

ಹಾರಿಸಬೇಡಿ ಅಂದೆ ಸ್ಟೇಷನ್ನಿನ ಅಧಿಕಾರಿಗೆ, ವಿಮಾನದ ನಂಬರು ಹೇಳಿದೆ, ನನ್ನ ಹೆಸರು ಹೇಳಿದೆ, ಕೆಂಪು ಕಂಡೂ ಸಹಿ ಹಾಕಿದೆ ಸಾಬ್, ಜಲಾಲುದ್ದೀನನ ಹೆಸರು ನಾಲಿಗೆಗೆ ಬಂತು, ನುಂಗಿದೆ, ಆ ಕಡೆ ಯಾರೋ ಯಾರನ್ನೋ ಕೂಗಿದರು, ಹಲಗೆ ನೋಡಿ ಬಾ ಅಂದರು, ಬೂಟಿನ ಸದ್ದು ದೂರ ಹೋಯಿತು, ಮಹಾದೇವಪ್ಪನ ಮೇಜಿನ ಮೇಲೆ ಇಟ್ಟ ನನ್ನ ಮಿಗ್, ಗುಂಡು ಹಿಂದಕ್ಕೆ ಉರುಳಿ, ಬಾಲ ಊರಿ ಕೂತಿದೆ, ಬೂಟು ವಾಪಸು ಬರುತ್ತಿದೆ — ದ್ಯಾವಪ್ಪ, ಸಾಹೇಬರನ್ನು ಏಣಿಯಿಂದ ಇಳಿಸಿದ್ದೇವೆ — ನನಗೆ ಉಸಿರು ಬಂತು, ಅಬ್ಬಾ, ಉಸಿರು ಬಂತು — ಹಲಗೆಯಲ್ಲಿ ಒಂದು ಜಾಗ ಖಾಲಿ ಇದೆ, ಆ ಹತ್ಯಾರ ಯಾರ ಕೈಯಲ್ಲಿತ್ತು, ಹೇಳು, ಯಾರ ಕೈಯಲ್ಲಿತ್ತು — ಜಲಾಲುದ್ದೀನನ ಹೆಸರು ಮತ್ತೆ ನಾಲಿಗೆಯ ತುದಿಯಲ್ಲಿ, ಕಣ್ಣಮುಂದೆ ಹಲಗೆ, ಕೆಂಪು, ಗಿಡ್ಡ ಹಿಡಿ, ಚಪ್ಪಟೆ ತುದಿ, ಕೆಂಪು, ಬರೀ ಕೆಂಪು